ಲೋಕಾಸ್ಟ್ ಕಾರಿನ ಸಸ್ಪೆನ್ಷನ್

ಲೋಕಾಸ್ಟ್ ಎಂಬುದು ಬ್ರಿಟನ್ನಿನ ಲೋಟಸ್ ಸೆವೆನ್ ಕ್ರೀಡಾಕಾರಿನ ಮಾದರಿಯಲ್ಲಿ ಹವ್ಯಾಸಿಗಳು ಸ್ವತಃ ನಿರ್ಮಿಸಿಕೊಳ್ಳುವ ಕಾರು. ಕಾಲಿನ್ ಚಾಪ್‌ಮನ್ ವಿನ್ಯಾಸಗೊಳಿಸಿದ ಮೂಲ ಕಾರು 1957ರಲ್ಲಿ ಬಿಡುಗಡೆಯಾಯಿತು. 1996ರಲ್ಲಿ ಪ್ರಕಟವಾದ ರಾನ್ ಚಾಂಪಿಯನ್ನರ ಕೈಪಿಡಿಯು ಲೋಕಾಸ್ಟ್ ನಿರ್ಮಾಣವನ್ನು ಜನಪ್ರಿಯಗೊಳಿಸಿತು. ಉಕ್ಕಿನ ಕೊಳವೆಗಳನ್ನು ಬೆಸೆದು ಚಾಸಿ ಸಿದ್ಧಪಡಿಸಿ, ಎಂಜಿನ್ ಮೊದಲಾದ ಭಾಗಗಳನ್ನು ಹಳೆಯ ಕಾರಿನಿಂದ, ಸಾಮಾನ್ಯವಾಗಿ ಫೋರ್ಡ್ ಎಸ್ಕಾರ್ಟ್‌ನಿಂದ, ಪಡೆಯಲಾಗುತ್ತದೆ. ಆದರೆ ಚಕ್ರಗಳನ್ನು ಚಾಸಿಗೆ ಜೋಡಿಸುವ ಸಸ್ಪೆನ್ಷನ್ ವ್ಯವಸ್ಥೆಯನ್ನು ಹಾಗೆಯೇ ಬಳಸಲಾಗದು. ಸುಮಾರು 500ರಿಂದ 600 ಕೆ.ಜಿ. ತೂಗುವ ಈ ಹಗುರವಾದ ಕಾರಿಗೆ ಅದನ್ನು ಹೊಸದಾಗಿ ರೂಪಿಸಬೇಕಾಗುತ್ತದೆ.

ಮುಂಭಾಗ

ಎಸ್ಕಾರ್ಟ್‌ನ ಮ್ಯಾಕ್‌ಫರ್ಸನ್ ಸ್ಟ್ರಟ್ ಎತ್ತರವಾಗಿರುವುದರಿಂದ ಲೋಕಾಸ್ಟ್‌ನ ತಗ್ಗಾದ ಮುಂಭಾಗಕ್ಕೆ ಹೊಂದುವುದಿಲ್ಲ. ಬದಲಿಗೆ ಪ್ರತಿ ಚಕ್ರಕ್ಕೂ ಮೇಲೊಂದು, ಕೆಳಗೊಂದು ತ್ರಿಕೋನಾಕಾರದ ತೋಳನ್ನು ಅಳವಡಿಸುತ್ತಾರೆ. ಇವುಗಳಿಗೆ ವಿಶ್‌ಬೋನ್ ಎಂದು ಹೆಸರು. ಎರಡರ ಹೊರತುದಿಗಳನ್ನು ಕೂಡಿಸಿ ಚಕ್ರವನ್ನು ಹೊರುವ ಅಪ್‌ರೈಟ್ ಎಂಬ ಭಾಗವನ್ನು ಫೋರ್ಡ್ ಕಾರ್ಟಿನಾದಿಂದ ಪಡೆಯುವುದು ವಾಡಿಕೆ.

ಮೇಲಿನ ತೋಳು ಕೆಳಗಿನದಕ್ಕಿಂತ ಗಿಡ್ಡವಾಗಿರುತ್ತದೆ. ತಿರುವಿನಲ್ಲಿ ಕಾರು ಹೊರಕ್ಕೆ ವಾಲಿದಾಗ ಗಿಡ್ಡ ತೋಳು ಹೊರಬದಿಯ ಚಕ್ರದ ಮೇಲ್ಭಾಗವನ್ನು ಒಳಕ್ಕೆ ಎಳೆಯುತ್ತದೆ. ಇದರಿಂದ ಟೈರು ಹೆಚ್ಚು ನೇರವಾಗಿ ನಿಂತು ರಸ್ತೆಯ ಹಿಡಿತವನ್ನು ಉಳಿಸಿಕೊಳ್ಳುತ್ತದೆ.

ಸ್ಟೀರಿಂಗ್ ರ್ಯಾಕ್‌ನ ಎತ್ತರ ಮತ್ತು ಅಗಲ ಈ ತೋಳುಗಳ ಚಲನೆಗೆ ಹೊಂದಿಕೆಯಾಗಬೇಕು. ಇಲ್ಲವಾದರೆ ಉಬ್ಬು ತಗ್ಗುಗಳಲ್ಲಿ ಚಾಲಕನು ತಿರುಗಿಸದೆಯೇ ಚಕ್ರಗಳು ತಿರುಗುತ್ತವೆ. ಬಂಪ್ ಸ್ಟೀರ್ ಎಂಬ ಈ ದೋಷವು ವೇಗದಲ್ಲಿ ಅಪಾಯಕಾರಿ.

ಹಿಂಭಾಗ

ಎಸ್ಕಾರ್ಟ್‌ನ ಹಿಂದಿನ ಆಕ್ಸಲ್ಲನ್ನು ಉಳಿಸಿಕೊಂಡು ಲೀಫ್ ಸ್ಪ್ರಿಂಗ್‌ಗಳನ್ನು ತೆಗೆದುಹಾಕಲಾಗುತ್ತದೆ. ಆ ಸ್ಪ್ರಿಂಗ್‌ಗಳು ಭಾರ ಹೊರುವುದರ ಜೊತೆಗೆ ಆಕ್ಸಲ್ಲನ್ನು ಸ್ವಸ್ಥಾನದಲ್ಲಿಯೂ ಹಿಡಿದಿಟ್ಟಿರುತ್ತವೆ. ಆದ್ದರಿಂದ ಅವುಗಳ ಬದಲಿಗೆ ಸುರುಳಿ ಸ್ಪ್ರಿಂಗ್‌ಗಳಷ್ಟೇ ಸಾಲವು. ಆಕ್ಸಲ್ಲು ಹಿಂದುಮುಂದಾಗದಂತೆ ನಾಲ್ಕು ಉದ್ದನೆಯ ಸರಳುಗಳೂ ಪಕ್ಕಕ್ಕೆ ಸರಿಯದಂತೆ ಪ್ಯಾನ್‌ಹಾರ್ಡ್ ಸರಳೂ ಬೇಕಾಗುತ್ತವೆ.

ಸ್ಪ್ರಿಂಗ್‌ಗಳ ಆಯ್ಕೆ

ಮುಂಭಾಗದ ಸ್ಪ್ರಿಂಗ್ ಚಕ್ರದಿಂದ ಒಳಗಿರುವುದರಿಂದ ಅದರ ಚಲನೆ ಕಡಿಮೆ. ಚಕ್ರವು 10 ಮಿ.ಮೀ. ಏರಿದಾಗ ಸ್ಪ್ರಿಂಗ್ 7 ಮಿ.ಮೀ. ಕುಗ್ಗಿದರೆ ಅನುಪಾತ 0.7. ಚಕ್ರದ ಬಳಿ ದೊರೆಯುವ ಬಿಗಿತವು ಈ ಅನುಪಾತದ ವರ್ಗಕ್ಕೆ ತಕ್ಕಂತಿರುತ್ತದೆ. ಅಂದರೆ ಸ್ಪ್ರಿಂಗ್‌ನ ಬಿಗಿತದ 0.49 ಭಾಗ ಮಾತ್ರ ಸಿಗುತ್ತದೆ. ಈ ಲೆಕ್ಕವನ್ನು ಬಿಟ್ಟು ಆರಿಸಿದ ಸ್ಪ್ರಿಂಗ್ ಅತಿ ಮೃದುವಾಗಬಹುದು. ಭಾರದ ಕಾರಿನ ಸ್ಪ್ರಿಂಗ್ ಅತಿ ಬಿಗಿಯಾದರೆ ಟೈರು ರಸ್ತೆಯಿಂದ ಪುಟಿಯುತ್ತದೆ.

ನಿರ್ಮಾಣ ಮತ್ತು ಸುರಕ್ಷತೆ

ಎಡ ಬಲದ ತೋಳುಗಳು ಒಂದೇ ಅಳತೆಯಲ್ಲಿರಲು ಕೊಳವೆಗಳನ್ನು ಅಚ್ಚಿನಲ್ಲಿ ಬಿಗಿದು ಬೆಸೆಯಲಾಗುತ್ತದೆ. ಬ್ರಾಕೆಟ್ಟುಗಳು ಬೋಲ್ಟಿಗೆ ಎರಡೂ ಬದಿಗಳಿಂದ ಆಸರೆ ನೀಡಬೇಕು. ಬ್ರೇಕ್ ಹಾಕಿದಾಗಲೂ ತಿರುವಿನಲ್ಲಿಯೂ ಬರುವ ಬಲವನ್ನು ಈ ಬೆಸುಗೆಗಳೇ ಹೊರುವುದರಿಂದ ಒಂದು ಬಿರುಕು ಬಿಟ್ಟರೂ ಚಕ್ರದ ನಿಯಂತ್ರಣ ತಪ್ಪಬಹುದು. ಬ್ರಿಟನ್ನಿನಲ್ಲಿ ಇಂತಹ ಕಾರುಗಳು ರಸ್ತೆಗಿಳಿಯುವ ಮೊದಲು ಪ್ರತ್ಯೇಕ ವಾಹನ ಅನುಮೋದನೆಯ ಪರೀಕ್ಷೆಗೆ ಒಳಪಡುತ್ತವೆ.