ಹಾಸಿಗೆಯಿಂದ ಅಂಗಳಕ್ಕೆ

ರೋಗಿಯು ಆಸ್ಪತ್ರೆಯಿಂದ ಮನೆಗೆ ಬಂದೊಡನೆ ನಾವೆಲ್ಲರೂ ಆಡುವ ಮೊದಲ ಮಾತು, "ಏಳಬೇಡಿ, ಮಲಗಿಯೇ ಇರಿ" ಎಂಬುದು. ಈ ಮಾತಿನಲ್ಲಿ ಪ್ರೀತಿಯುಂಟು, ವಿವೇಕವುಂಟೆ?

ಕೆಲವು ವರ್ಷಗಳ ಹಿಂದೆ ನಮ್ಮ ತೀರ್ಥರೂಪರು ನ್ಯುಮೋನಿಯಾದಿಂದ ಪಾರಾಗಿ ಬಂದಾಗ ನಾವೂ ಹೀಗೆಯೇ ನಡೆದುಕೊಂಡೆವು. ಗಂಜಿ, ಔಷಧ, ಬಿಸಿನೀರು ಎಲ್ಲವೂ ಮಂಚದ ಬಳಿಗೇ. ತಿಂಗಳೊಳಗೆ ಕೆಮ್ಮು ನಿಂತಿತು. ಆದರೆ ಕಾಲಿಗೆ ನಿಲ್ಲುವ ಶಕ್ತಿ ಉಳಿದಿರಲಿಲ್ಲ. ದಿನವೂ ಅಡಕೆ ತೋಟದ ತುದಿಯವರೆಗೆ ಹೋಗಿಬರುತ್ತಿದ್ದವರು ಅನಂತರ ಜಗಲಿಯಿಂದ ಅಂಗಳಕ್ಕಿಳಿಯಲಿಲ್ಲ. ಆ ತಪ್ಪು ನಮ್ಮದೇ.

ಸ್ನಾಯು ಕರಗುವ ವೇಗ

ತೀವ್ರ ರೋಗದಲ್ಲಿ ದೇಹವು ತನ್ನ ಸ್ನಾಯುವಿನ ಪ್ರೋಟೀನನ್ನೇ ಒಡೆಯತೊಡಗುತ್ತದೆ. ಚಲನೆಯಿಲ್ಲದಿದ್ದರೆ ಈ ನಷ್ಟ ಇನ್ನೂ ಹೆಚ್ಚು. ಇಂಗ್ಲೆಂಡಿನ ವೈದ್ಯರು ತೀವ್ರ ನಿಗಾ ಘಟಕದ 63 ರೋಗಿಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದಂತೆ, ಹತ್ತೇ ದಿನಗಳಲ್ಲಿ ತೊಡೆಯ ಸ್ನಾಯುವಿನ ಗಾತ್ರ ಸರಾಸರಿ ಶೇಕಡಾ 17.7ರಷ್ಟು ಕುಗ್ಗಿತ್ತು.

ಶಕ್ತಿಯನ್ನು ಅಳೆಯಲು ಶಾಲೆಯ ಅಂಕಗಳಂತಹ ಕ್ರಮವೊಂದುಂಟು. ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮೊಣಕಾಲು, ಪಾದ ಇವುಗಳ ಚಲನೆಗೆ ಎಡಬಲಗಳೆರಡರಲ್ಲಿಯೂ ತಲಾ 5 ಅಂಕ, ಒಟ್ಟು 60. ನಲವತ್ತೆಂಟಕ್ಕಿಂತ ಕಡಿಮೆ ಬಂದವರ ಚೇತರಿಕೆ ನಿಧಾನ, ಅಪಾಯವೂ ಅಧಿಕ. ಭಾರತವೂ ಸೇರಿದಂತೆ 17 ದೇಶಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕೈಹಿಡಿತ ದುರ್ಬಲವಾದವರಲ್ಲಿ ಮರಣದ ಸಂಭವ ಹೆಚ್ಚೆಂದು ತೋರಿಸಿತು. ದೌರ್ಬಲ್ಯವೊಂದೇ ಇದಕ್ಕೆ ಕಾರಣವೆನ್ನಲಾಗದು. ರೋಗದ ತೀವ್ರತೆಗೂ ಅದು ಕುರುಹು.

ಬೇಗ ಏಳಿಸಿದರೆ?

ದೀರ್ಘಕಾಲ ಮಲಗಿಸುವುದರ ಕೇಡನ್ನು ರಿಚರ್ಡ್ ಆಶರ್ ಎಂಬ ಆಂಗ್ಲ ವೈದ್ಯರು 1947ರಲ್ಲಿಯೇ ಎತ್ತಿ ಹೇಳಿದ್ದರು. ಅಮೆರಿಕದಲ್ಲಿ ಕೃತಕ ಉಸಿರಾಟದಲ್ಲಿದ್ದ 104 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬೇಗನೆ ವ್ಯಾಯಾಮ ಪಡೆದವರ ಪೈಕಿ ಶೇಕಡಾ 59 ಮಂದಿ ಆಸ್ಪತ್ರೆ ಬಿಡುವಾಗ ಸ್ವಾವಲಂಬಿಗಳಾಗಿದ್ದರು. ಉಳಿದ ಗುಂಪಿನಲ್ಲಿ ಶೇಕಡಾ 35 ಮಾತ್ರ. ಆದರೆ 2022ರಲ್ಲಿ ಪ್ರಕಟವಾದ, 750 ರೋಗಿಗಳ ಇನ್ನೊಂದು ಪ್ರಯೋಗದಲ್ಲಿ ವಾಡಿಕೆಗಿಂತ ಹೆಚ್ಚಿನ ವ್ಯಾಯಾಮದಿಂದ ಹೆಚ್ಚಿನ ಲಾಭ ಕಾಣಲಿಲ್ಲ, ತೊಂದರೆಗಳೇ ಅಧಿಕವಾದುವು. ಆದುದರಿಂದ ಚಲನೆಗೂ ಮಿತಿ ಬೇಕು.

ಮನೆಯವರ ಪಾಲು

ಆಸ್ಪತ್ರೆಯಿಂದ ಹೊರಡುವ ಮುನ್ನ ಔಷಧದ ಚೀಟಿಯೊಂದಿಗೆ, "ಎಂದಿನಿಂದ ಕೂರಿಸಬಹುದು? ಎಷ್ಟು ನಡೆಸಬಹುದು?" ಎಂದೂ ವೈದ್ಯರನ್ನು ಕೇಳಿರಿ. ಮೊದಲು ಮಂಚದ ಅಂಚಿನಲ್ಲಿ ಕುಳ್ಳಿರಿಸುವುದು, ಬಳಿಕ ಆಸರೆ ಕೊಟ್ಟು ನಿಲ್ಲಿಸುವುದು, ಆಮೇಲೆ ಜಗಲಿಯವರೆಗೆ ನಡೆಸುವುದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸಾಗತಕ್ಕದ್ದು. ಏದುಸಿರು, ಎದೆನೋವು, ತಲೆಸುತ್ತು ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಬರಿಯ ಗಂಜಿತಿಳಿಯಿಂದ ಸ್ನಾಯು ಬೆಳೆಯದು. ಬೇಳೆ, ಹಾಲು, ರೂಢಿಯಿದ್ದಲ್ಲಿ ಮೊಟ್ಟೆ, ಮೀನು ಬೇಕು. ಮೂತ್ರಪಿಂಡದ ರೋಗವುಳ್ಳವರು ಮಾತ್ರ ವೈದ್ಯರನ್ನು ಕೇಳಿಯೇ ಸೇವಿಸಬೇಕು.

ಕಳೆದ ಮಳೆಗಾಲದಲ್ಲಿ ನಮ್ಮ ಮಾತೃಶ್ರೀಯವರು ಕಾಯಿಲೆಯಿಂದ ಎದ್ದಾಗ ಹೀಗೆಯೇ ಮಾಡಿದೆವು. ಮೊದಮೊದಲು ಅವರು ಗೊಣಗಿದರು; ನೆರೆಯವರು ನಮ್ಮನ್ನು ಕಟುಕರೆಂದರು. ಈಗ ಅವರು ಸಂಜೆ ತಾವೇ ಅಂಗಳಕ್ಕಿಳಿದು ತುಳಸಿಗೆ ದೀಪವಿಡುತ್ತಾರೆ. ಅದನ್ನು ಕಂಡಾಗಲೆಲ್ಲ ತೀರ್ಥರೂಪರ ನೆನಪಾಗುತ್ತದೆ. ನಮಗೆ ತಡವಾಗಿ ತಿಳಿದದ್ದು ವಾಚಕರಿಗೆ ಸಕಾಲದಲ್ಲಿ ತಿಳಿಯಲೆಂದೇ ಇಷ್ಟನ್ನು ಬರೆದೆವು.