ಚನ್ನಪಟ್ಟಣ ಬರೆಯಬಲ್ಲ ಫೋನು

ಹೊಸ ಫೋನಿಗೋ ಕಂಪ್ಯೂಟರಿಗೋ ಕನ್ನಡ ಎಷ್ಟು ಬರುತ್ತದೆ ಎಂದು ತಿಳಿಯಲು ‘ಚನ್ನಪಟ್ಟಣ’ ಎಂದು ಬರೆದು ನೋಡಿದರೆ ಸಾಕು. ಪಕ್ಕದ ರಾಮನಗರ, ಕನಕಪುರ, ಮಾಗಡಿಗಳು ಈ ಪರೀಕ್ಷೆಗೆ ಒದಗುವುದಿಲ್ಲ. ಅವು ಗುಣಿತಾಕ್ಷರಗಳಷ್ಟೇ ಇರುವ ಹೆಸರುಗಳು. ಯಂತ್ರ ತುಸು ಎಡವಿದರೂ ಓದಲು ಬರುತ್ತವೆ. ಚನ್ನಪಟ್ಟಣದಲ್ಲಿ ಒತ್ತಕ್ಷರಗಳೇ ಎರಡು. ಆಂಡ್ರಾಯ್ಡ್‌ನ ಮೊದಲ ವರ್ಷಗಳಲ್ಲಿ ಫೋನು ಕೊಂಡ ಅನೇಕರಿಗೆ ಈ ಹೆಸರಿನ ಜಾಗದಲ್ಲಿ ಸಾಲಾಗಿ ಖಾಲಿ ಚೌಕಗಳು ಕಾಣುತ್ತಿದ್ದವು. ಅಕ್ಷರಗಳು ಬಂದರೂ ಒತ್ತು ಕೆಳಗಿಳಿಯದೆ ‘ಚನ್‌ನಪಟ್‌ಟಣ’ ಎಂದಾಗುತ್ತಿತ್ತು.

ಕಂಪ್ಯೂಟರು ಅಕ್ಷರವನ್ನು ಚಿತ್ರವಾಗಿ ನೆನಪಿಡುವುದಿಲ್ಲ, ಸಂಖ್ಯೆಯಾಗಿ ನೆನಪಿಡುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಹೀಗೆ ಸಂಖ್ಯೆ ಹಂಚಿದ ವ್ಯವಸ್ಥೆ ಯೂನಿಕೋಡ್. ಅದರ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. 3200ರಿಂದ 3327ರವರೆಗಿನ 128 ಮನೆಗಳು ಕನ್ನಡದವು. ಅಲ್ಲಿ ‘ನ’ಕ್ಕೆ 3240, ‘ಟ’ಕ್ಕೆ 3231. ‘ನ್ನ’ ಅಥವಾ ‘ಟ್ಟ’ಕ್ಕೆ ಮಾತ್ರ ಮನೆಯೇ ಇಲ್ಲ. ಬದಲಿಗೆ, ವ್ಯಂಜನದಲ್ಲಿ ಅಡಗಿರುವ ‘ಅ’ಕಾರವನ್ನು ತೆಗೆದುಹಾಕುವ ಹಲಂತ ಚಿಹ್ನೆಗೆ 3277 ಎಂಬ ಮನೆಯಿದೆ. ‘ಟ’, ಹಲಂತ, ಮತ್ತೆ ‘ಟ’ ಎಂಬ ಮೂರು ಸಂಖ್ಯೆಗಳು ಒಂದರ ಹಿಂದೊಂದು ಬಂದರೆ ಅದೇ ‘ಟ್ಟ’. ಹೀಗಾಗಿ ಕಣ್ಣಿಗೆ ಐದೇ ಅಕ್ಷರವಾದ ಚನ್ನಪಟ್ಟಣ ಯಂತ್ರದ ಒಳಗೆ ಒಂಬತ್ತು ಸಂಖ್ಯೆಗಳ ಸಾಲು. ‘ಟ್ಟ’ ಅಳಿಸಲು ಹೋದವರಿಗೆ ಇದು ನೇರವಾಗಿ ಕಾಣಸಿಗುತ್ತದೆ: ಅಳಿಸುವ ಕೀಲಿಯನ್ನು ಒಮ್ಮೆ ಒತ್ತಿದರೆ ಕೆಳಗಿನ ಒತ್ತು ಮಾತ್ರ ಹೋಗಿ ‘ಟ್’ ಉಳಿಯುತ್ತದೆ, ಇನ್ನೊಮ್ಮೆ ಒತ್ತಿದರೆ ‘ಟ’, ಮೂರನೆಯ ಸಲಕ್ಕೆ ಅದೂ ಹೋಗುತ್ತದೆ.

ಚನ್ನಪಟ್ಟಣದ ಗೊಂಬೆಯನ್ನೇ ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಹಾಲೆ ಮರದ ತುಂಡನ್ನು ಲೇತಿಗೆ ಕೊಟ್ಟು ಗಾಡಿಯ ಮೈ, ಚಕ್ರ, ಅಚ್ಚು, ತಲೆ ಎಲ್ಲವನ್ನೂ ಬೇರೆ ಬೇರೆಯಾಗಿ ಕಡೆಯುತ್ತಾರೆ. ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ಆ ಉಜ್ಜಿನ ಬಿಸಿಗೆ ಅರಗು ಕರಗಿ ಬಣ್ಣ ಹತ್ತುತ್ತದೆ. ಬಿಡಿಭಾಗಗಳು ಎಷ್ಟೇ ನುಣುಪಾಗಿದ್ದರೂ ಯಾವುದರ ಕೆಳಗೆ ಯಾವುದು ಕೂರಬೇಕು ಎಂದು ಬಲ್ಲವರು ಜೋಡಿಸಿದಾಗಲೇ ಅದು ಗೊಂಬೆ. ಫೋನಿನಲ್ಲಿ ಫಾಂಟು ಎಂದರೆ ಇಂಥ ಬಿಡಿಭಾಗಗಳ ಬುಟ್ಟಿ. ಯೂನಿಕೋಡ್ ಸಂಖ್ಯೆಗಳು ಯಾವ ಭಾಗ ಬೇಕೆಂದು ಹೇಳುವ ಪಟ್ಟಿ. ಇವೆರಡರ ನಡುವೆ ಕುಳಿತು ಒತ್ತನ್ನು ಕೆಳಗಿಳಿಸುವ, ತಲೆಕಟ್ಟು ತೆಗೆದು ಗುಡಿಸು ಕೂರಿಸುವ ಕೆಲಸ ಇನ್ನೊಂದು ತಂತ್ರಾಂಶದ್ದು. ಹಳೆಯ ಫೋನುಗಳಲ್ಲಿ ಚೌಕ ಬಂದಿದ್ದರೆ ಬುಟ್ಟಿಯೇ ಇರಲಿಲ್ಲ. ‘ಚನ್‌ನಪಟ್‌ಟಣ’ ಬಂದಿದ್ದರೆ ಬುಟ್ಟಿಯಿತ್ತು, ಜೋಡಿಸುವವರಿರಲಿಲ್ಲ.

ಈ ಜೋಡಣೆಗೆ ಚನ್ನಪಟ್ಟಣಕ್ಕಿಂತ ಕಠಿಣವಾದ ಪರೀಕ್ಷೆಯೂ ಇದೇ ಸೀಮೆಯಲ್ಲಿದೆ. ರಾಮನಗರವನ್ನು ಹಾದು ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನು ಸೇರುವ ಅರ್ಕಾವತಿಯ ಹೆಸರಿನಲ್ಲೇ ಅರ್ಕಾವೊತ್ತು ಕೂತಿದೆ. ಬಾಯಿ ಮೊದಲು ‘ರ್’ ಅನ್ನುತ್ತದೆ, ಕೈ ಮೊದಲು ‘ಕಾ’ ಬರೆಯುತ್ತದೆ. ಯೂನಿಕೋಡ್ ಬಾಯಿಯ ಕ್ರಮವನ್ನು ನೆನಪಿಡುತ್ತದೆ, ಪರದೆ ಕೈಯ ಕ್ರಮವನ್ನು ತೋರಿಸಬೇಕು. ಮುಂದಿದ್ದ ‘ರ’ಕಾರವನ್ನು ದಾಟಿಸಿ ಹಿಂದಕ್ಕೆ ಕೂರಿಸುವುದೂ ಜೋಡಿಸುವ ತಂತ್ರಾಂಶದ್ದೇ ಹೊಣೆ. ರಾಮನಗರದ ಹಳೆಯ ಹೆಸರು ‘ಕ್ಲೋಸ್‌ಪೇಟೆ’ ಕೇಳುವುದು ಇದಕ್ಕೆ ತಿರುವುಮುರುವು. ಅಲ್ಲಿ ‘ಸ್’ ಮತ್ತು ‘ಪೇ’ ಕೂಡಿ ‘ಸ್ಪೇ’ ಆಗಬಾರದು. ಅವೆರಡರ ನಡುವೆ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಚಿಹ್ನೆಯನ್ನು ಇಟ್ಟು ತಡೆಯಬೇಕು. ಬಹುತೇಕ ಕೀಲಿಮಣೆಗಳಲ್ಲಿ ಆ ಚಿಹ್ನೆ ಎಲ್ಲಿದೆ ಎಂದು ಹುಡುಕುವುದೇ ದೊಡ್ಡ ಕೆಲಸ. ‘ಬಸ್‌ನಿಲ್ದಾಣ’ವು ‘ಬಸ್ನಿಲ್ದಾಣ’ವಾಗಿ ಓಡಾಡುತ್ತಿರುವುದು ಇದರಿಂದಲೇ. ಬರೆಯುವವರ ಅಜ್ಞಾನವೆಂದು ಇದನ್ನು ದೂರುವುದು ತಪ್ಪು.

ಮನೆಯ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ದಾರಿ ಫೋನಿಗೆ ಕನ್ನಡ ಬರುವುದಕ್ಕೂ ಮೊದಲೇ ತೆರೆದಿತ್ತು. ಕಿನ್ನಿಕಂಬಳ ಪದ್ಮನಾಭ ರಾವ್, ಎಲ್ಲರಿಗೂ ಕೆ.ಪಿ. ರಾವ್, ಕನ್ನಡದ ಇಡೀ ವರ್ಣಮಾಲೆಯನ್ನು ಇಂಗ್ಲಿಷಿನ 26 ಕೀಲಿಗಳಲ್ಲೇ ಅಡಕಗೊಳಿಸಿದರು. ಅಲ್ಪಪ್ರಾಣ ನೇರವಾಗಿ, ಮಹಾಪ್ರಾಣ ಶಿಫ್ಟ್ ಒತ್ತಿ, ಒತ್ತಕ್ಷರಕ್ಕೆ ನಡುವೆ ‘ಎಫ್’ ಕೀಲಿ. ಈ ವಿನ್ಯಾಸದಲ್ಲಿ ಚನ್ನಪಟ್ಟಣ ಬರೆಯಲು ಒಂಬತ್ತು ಸಲ ಕೀಲಿ ಒತ್ತಿದರೆ ಆಯಿತು. ಯೂನಿಕೋಡ್ ನೆನಪಿಡುವ ಸಂಖ್ಯೆಗಳೂ ಒಂಬತ್ತೇ. ಇಂಗ್ಲಿಷ್ ಉಚ್ಚಾರಣೆಯಂತೆ ಸ್ವರವನ್ನೂ ಸೇರಿಸಿ ಬರೆಯುತ್ತ ಹೋದರೆ ಕನಿಷ್ಠ ಹನ್ನೆರಡು ಬೇಕು. ಕನ್ನಡದ ಸ್ವಭಾವವನ್ನು ಅರಿತು ಮಾಡಿದ ಈ ವಿನ್ಯಾಸವನ್ನು ಅವರು ಸಾರ್ವಜನಿಕರಿಗೆ ಮುಕ್ತವಾಗಿ ಬಿಟ್ಟುಕೊಟ್ಟರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ನಿಂತಿರುವುದು ಇದರ ಮೇಲೆ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು.

ಆದರೆ ಆ ಕಾಲದ ಫಾಂಟುಗಳು ಯೂನಿಕೋಡ್ ಅಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಫಾಂಟು ಇದ್ದ ಕಂಪ್ಯೂಟರಿನಲ್ಲಿ ಮುತ್ತಿನಂಥ ಅಕ್ಷರ. ಅದೇ ಕಡತ ಬೇರೆ ಕಂಪ್ಯೂಟರಿಗೆ ಹೋದರೆ ನೆತ್ತಿಯ ಮೇಲೆ ಚುಕ್ಕೆ, ಗೆರೆ ಹೊತ್ತ ಅರ್ಥವಿಲ್ಲದ ಸಾಲು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಯೂನಿಕೋಡ್ ಫಾಂಟನ್ನು ಜೊತೆಗೇ ತಂದಿತು. ಆದರೂ ಸೆಟ್ಟಿಂಗ್ಸ್‌ನಲ್ಲಿ ಒಂದು ಗುರುತು ಹಾಕಿ, ಅನುಸ್ಥಾಪನೆಯ ಸಿಡಿ ಹುಡುಕಿ ಕೊಟ್ಟ ಮೇಲಷ್ಟೇ ಒತ್ತಕ್ಷರ ಸರಿಹೋಗುತ್ತಿತ್ತು. ಫೋನುಗಳಲ್ಲಿ ಆ ದಿನ ಬರಲು 2012ರ ಆಂಡ್ರಾಯ್ಡ್ 4.1 ಆಗಬೇಕಾಯಿತು, ತೆಲುಗು, ಮಲಯಾಳಂ ಜೊತೆಗೆ ಕನ್ನಡವೂ ಅದರಲ್ಲಿ ಸೇರಿತು. ಕೃತಕ ಬುದ್ಧಿಮತ್ತೆಯ ಬಗ್ಗೆ ಈಗ ನಡೆಯುತ್ತಿರುವ ಸಂಭ್ರಮದ ಕಾಲುಭಾಗವೂ ಆ ಬದಲಾವಣೆಗೆ ಸಿಗಲಿಲ್ಲ. ಆದರೆ ಸಾಮಾನ್ಯ ಕನ್ನಡಿಗರು ಫೋನಿನಲ್ಲಿ ಕನ್ನಡ ಓದಿ ಬರೆಯುವಂತಾದದ್ದು ಅದರಿಂದ.

ಸಾದಾ ಎಸ್ಸೆಮ್ಮೆಸ್‌ನಲ್ಲಿ ಹಳೆಯ ತಾರತಮ್ಯ ಇನ್ನೂ ಉಳಿದಿದೆ. ಒಂದು ಸಂದೇಶದ ಅಳತೆ 140 ಬೈಟು. ಇಂಗ್ಲಿಷಾದರೆ 160 ಅಕ್ಷರ ಹಿಡಿಯುತ್ತದೆ. ಕನ್ನಡದ ಪ್ರತಿ ಸಂಖ್ಯೆಗೂ ಎರಡು ಬೈಟು ಬೇಕಾದ್ದರಿಂದ ಅಲ್ಲಿಗೆ ಹಿಡಿಯುವುದು 70. ಚನ್ನಪಟ್ಟಣ ಎಂಬ ಒಂದೇ ಹೆಸರು ಅದರಲ್ಲಿ ಒಂಬತ್ತನ್ನು ತಿಂದುಹಾಕುತ್ತದೆ.

ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಊರಿನ ಇತಿಹಾಸ, ಸಂಘದ ನಡಾವಳಿ, ಮನೆತನದ ವಂಶಾವಳಿಗಳು ಎಷ್ಟೋ ಕಂಪ್ಯೂಟರುಗಳಲ್ಲಿ ಹಾಗೇ ಕೂತಿವೆ. ಹುಡುಕಿದರೆ ಅವು ಸಿಗುವುದಿಲ್ಲ. ಫೋನಿಗೆ ಕಳಿಸಿದರೆ ಓದಲಾಗುವುದಿಲ್ಲ. ಅವನ್ನು ಯೂನಿಕೋಡಿಗೆ ಬದಲಿಸುವ ಸೌಲಭ್ಯ ‘ನುಡಿ’ಯಲ್ಲೂ ಇದೆ, ‘ಬರಹ’ದಲ್ಲೂ ಇದೆ. ಅಂಥ ಕಡತ ಇಟ್ಟುಕೊಂಡವರು ಆ ಹಳೆಯ ಕಂಪ್ಯೂಟರು ಕೆಡುವ ಮುಂಚೆ ಈ ಕೆಲಸ ಮುಗಿಸಿಕೊಳ್ಳಬೇಕು.