ವಿಯೆನ್ನಾದಲ್ಲಿ ಹಾಲು-ಮೊಟ್ಟೆಯಿಲ್ಲದ ಊಟ

ಯಡಿಯೂರು ಎಂದೊಡನೆ ಕುಣಿಗಲ್ ಕಡೆಯ ಸಿದ್ಧಲಿಂಗೇಶ್ವರನ ಕ್ಷೇತ್ರವನ್ನು ನೆನೆಯುವವರೇ ಹೆಚ್ಚು. ನಾನಿಲ್ಲಿ ಹೇಳಹೊರಟಿರುವುದು ಬೆಂಗಳೂರಿನ ದಕ್ಷಿಣದಲ್ಲಿ, ಜಯನಗರಕ್ಕೂ ಬನಶಂಕರಿಗೂ ನಡುವೆ, ತನ್ನ ಕೆರೆಯನ್ನು ಹೇಗೋ ಉಳಿಸಿಕೊಂಡು ನಿಂತಿರುವ ಯಡಿಯೂರಿನ ಮಾತು. ಇಲ್ಲಿಯ ಮನೆಗಳಿಂದ ಯೂರೋಪಿಗೆ ಹೋಗಿಬರುವವರು ಈಗ ಕಡಮೆಯೇನಲ್ಲ. ಮಗನೋ ಮಗಳೋ ಅಲ್ಲಿ ಕೆಲಸದಲ್ಲಿರುತ್ತಾರೆ. ಬೇಸಗೆಗೆ ತಂದೆತಾಯಿಗಳು, ಒಮ್ಮೊಮ್ಮೆ ಅಜ್ಜಿಯೂ ಹೊರಡುವುದುಂಟು. ವೀಸಾ, ಉಣ್ಣೆಯ ಬಟ್ಟೆ, ಔಷಧಿ ಎಲ್ಲವೂ ತಿಂಗಳ ಮೊದಲೇ ಸಿದ್ಧವಾಗುತ್ತವೆ. ಅಲ್ಲಿ ಊಟಕ್ಕೆ ಏನು ಗತಿ ಎಂಬ ಪ್ರಶ್ನೆ ಮಾತ್ರ ವಿಮಾನ ಏರುವ ಹಿಂದಿನ ರಾತ್ರಿ ತಲೆಯೆತ್ತುತ್ತದೆ.

ಇಂಥ ಮನೆಗಳಲ್ಲಿ ಇತ್ತೀಚೆಗೆ ಇನ್ನೊಂದು ತೊಡಕು ಸೇರಿಕೊಂಡಿದೆ. ಅಜ್ಜಿ ಮೊಟ್ಟೆ ಮುಟ್ಟುವವರಲ್ಲ. ಆದರೆ ಮೊಸರಿಲ್ಲದೆ ಅವರ ಊಟ ಮುಗಿಯದು. ಮೊಮ್ಮಗಳು ಹಾಲು, ಮೊಸರು, ತುಪ್ಪ ಮೂರನ್ನೂ ಬಿಟ್ಟಿದ್ದಾಳೆ. ಪ್ರಾಣಿಯಿಂದ ಬಂದದ್ದು ಯಾವುದೂ ಬೇಡವೆಂಬುದು ಅವಳ ನಿಯಮ, ಜೇನುತುಪ್ಪವೂ ಕೂಡದು. ಇದಕ್ಕೆ ವೀಗನ್ ಎಂದು ಹೆಸರು. ಇಂಗ್ಲೆಂಡಿನಲ್ಲಿ ೧೯೪೪ರಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಅವರ ಸಂಗಡಿಗರು ಸಂಘ ಕಟ್ಟಿಕೊಂಡು ಬಳಕೆಗೆ ತಂದ ಮಾತು ಅದು. ಮನೆಯಲ್ಲಿ ಹಬ್ಬದ ದಿನ ಪಾಯಸದ ಪಾತ್ರೆಯ ಮುಂದೆ ಅಜ್ಜಿಗೂ ಮೊಮ್ಮಗಳಿಗೂ ವಾದ ನಡೆಯುತ್ತದೆ. ಪರದೇಶದ ಹೋಟೆಲಿನಲ್ಲಿ ಕುಳಿತಾಗ ಇಬ್ಬರನ್ನೂ ಕಾಪಾಡುವ ಮಾತು ಒಂದೇ, ಅದು ಮೊಮ್ಮಗಳ ಮಾತು!

ಏಕೆಂದು ಕೇಳುವಿರಾ? ನಾವು ‘ವೆಜಿಟೇರಿಯನ್’ ಎಂದರೆ ಮೊಟ್ಟೆಯಿಲ್ಲದ ಊಟವೆಂದು ತಿಳಿಯುತ್ತೇವೆ. ನಮ್ಮ ಪೊಟ್ಟಣಗಳ ಮೇಲಿನ ಹಸಿರು ಚುಕ್ಕೆಯ ಅರ್ಥವೂ ಅದೇ. ಯೂರೋಪಿನಲ್ಲಿ ಆ ಪದಕ್ಕೆ ಮಾಂಸ ಮೀನುಗಳಿಲ್ಲದ ಊಟವೆಂದಷ್ಟೇ ಅರ್ಥ. ಮೊಟ್ಟೆ ಅದರೊಳಗೆ ಸಹಜವಾಗಿ ಬಂದು ಕೂರುತ್ತದೆ. ಚೀಸಿನ ಕಥೆ ಇನ್ನೂ ಸೂಕ್ಷ್ಮ. ನಾವು ಹಾಲಿಗೆ ಹೆಪ್ಪು ಹಾಕುವುದು ಮಜ್ಜಿಗೆಯಿಂದ. ಇಟಲಿಯ ಹೆಸರಾಂತ ಪಾರ್ಮಿಜಾನೊ ರೆಜಾನೊ ಚೀಸಿಗೆ ಹಾಕುವ ಹೆಪ್ಪು ಕರುವಿನ ಜಠರದಿಂದ ತೆಗೆದದ್ದು. ಅದರ ತಯಾರಿಕೆಯ ನಿಯಮವೇ ಹಾಗಿದೆ. ಅದನ್ನು ತುರಿದು ಉದುರಿಸಿದ ತಿನಿಸನ್ನು ಎಷ್ಟೋ ಹೋಟೆಲಿನವರು ಕಪಟವಿಲ್ಲದೆ ವೆಜಿಟೇರಿಯನ್ ಎಂದೇ ತಂದಿಡುತ್ತಾರೆ.

ಈ ತೊಡಕು ಹೊಸದಲ್ಲ. ೧೮೮೮ರಲ್ಲಿ ಲಂಡನ್ನಿಗೆ ಹೋದ ಗಾಂಧೀಜಿ, ತಾಯಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಬಹಳ ದಿನ ಅರೆಹೊಟ್ಟೆಯಲ್ಲಿದ್ದು, ಕೊನೆಗೆ ಫ್ಯಾರಿಂಗ್ಡನ್ ಬೀದಿಯಲ್ಲಿ ಸಸ್ಯಾಹಾರದ ಹೋಟೆಲೊಂದನ್ನು ಕಂಡುಕೊಂಡರು. ಅಲ್ಲಿಯೂ ನಿಶ್ಚಿಂತೆಯಿರಲಿಲ್ಲ. ಮಾಂಸವೆಂದರೇನು ಎಂಬುದಕ್ಕೆ ಆ ದೇಶದಲ್ಲಿ ಮೂರು ಅರ್ಥಗಳಿದ್ದುವಂತೆ. ಮೊಟ್ಟೆಯನ್ನೂ ಹಾಲನ್ನೂ ಸೇರಿಸಿ ಬಿಡುವುದು ಮೂರನೆಯದು. ತಾಯಿಯ ದೃಷ್ಟಿಯಲ್ಲಿ ಮೊಟ್ಟೆಯೂ ಮಾಂಸವೇ ಎಂದು ಮನಗಂಡ ಮೇಲೆ, ಪ್ರತಿಯೊಂದು ಸಿಹಿತಿನಿಸಿನಲ್ಲೂ ಏನಿದೆಯೆಂದು ಬಡಿಸುವವರನ್ನು ವಿಚಾರಿಸಬೇಕಾಯಿತು ಎಂದು ಆತ್ಮಕಥೆಯಲ್ಲಿ ಬರೆದಿದ್ದಾರೆ.

ಇಂದಿನ ಪ್ರವಾಸಿಗೆ ಆ ಕಷ್ಟ ಅಷ್ಟಿಲ್ಲ. ಆಸ್ಟ್ರಿಯಾದ ರಾಜಧಾನಿ ವಿಯೆನ್ನಾವನ್ನೇ ತೆಗೆದುಕೊಳ್ಳಿ. ಕರುವಿನ ಮಾಂಸದ ಷ್ನಿಟ್ಸೆಲ್‌ಗೆ ಹೆಸರಾದ ಊರು. ನಮ್ಮವರಿಗೆ ಹೆದರಿಕೆಯಾಗುವುದು ಸಹಜ. ಆದರೆ ೨೦೧೪ರ ಡಿಸೆಂಬರಿನಿಂದ ಯೂರೋಪಿನ ಒಕ್ಕೂಟದಲ್ಲಿ ಒಂದು ಕಟ್ಟಳೆ ಜಾರಿಯಲ್ಲಿದೆ. ಕೆಲವರ ಮೈಗೆ ಒಗ್ಗದ ಹದಿನಾಲ್ಕು ಪದಾರ್ಥಗಳು ತಿನಿಸಿನಲ್ಲಿದ್ದರೆ ಹೋಟೆಲಿನವರು ಗಿರಾಕಿಗೆ ತಿಳಿಸಲೇಬೇಕು. ಆಸ್ಟ್ರಿಯಾದಲ್ಲಿ ಇದಕ್ಕೆ ಅಕ್ಷರಗಳ ಪದ್ಧತಿಯುಂಟು: ತಿಂಡಿಪಟ್ಟಿಯಲ್ಲಿ ಹೆಸರಿನ ಪಕ್ಕದಲ್ಲೇ ಸಣ್ಣ ಇಂಗ್ಲಿಷ್ ಅಕ್ಷರಗಳು. ‘ಸಿ’ ಎಂದರೆ ಮೊಟ್ಟೆ, ‘ಜಿ’ ಎಂದರೆ ಹಾಲು, ‘ಡಿ’ ಮೀನು. ‘ಬಿ’ ಮತ್ತು ‘ಆರ್’ ಸಿಗಡಿ, ಚಿಪ್ಪುಮೀನುಗಳ ಜಾತಿ. ‘ಎ’ ಗೋಧಿ ಮುಂತಾದ ಧಾನ್ಯ, ‘ಎಫ್’ ಸೋಯಾ, ‘ಎನ್’ ಎಳ್ಳು; ಇವುಗಳಿಗೆ ನಾವು ಹೆದರಬೇಕಾದ್ದಿಲ್ಲ. ಕಾಯಿಲೆಯವರಿಗೆಂದು ಮಾಡಿದ ಏರ್ಪಾಡು ಅಜ್ಜಿಯ ನೇಮಕ್ಕೂ ಒದಗಿಬಂದಿದೆ. ಜರ್ಮನ್ ಭಾಷೆ ಬಾರದಿದ್ದರೂ ‘ಸಿ’ ಎಂಬ ಅಕ್ಷರವನ್ನು ಯಾರು ಬೇಕಾದರೂ ಗುರುತಿಸಬಹುದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಆ ಹದಿನಾಲ್ಕರಲ್ಲಿ ಮಾಂಸ ಸೇರಿಲ್ಲ, ಜೇನೂ ಸೇರಿಲ್ಲ. ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ವಿಯೆನ್ನಾದ ಒಂದು ಹೋಟೆಲಿನಲ್ಲಿ ಆಲೂಗಡ್ಡೆಯ ಸಲಾಡಿನ ಮುಂದೆ ‘ಎಲ್’ ಮತ್ತು ‘ಎಂ’ ಎಂದಷ್ಟೇ ಇತ್ತು. ಎಂದರೆ ಸೆಲರಿ ಮತ್ತು ಸಾಸಿವೆ. ಸಂತೋಷದಿಂದ ಎರಡು ಸಲ ಹಾಕಿಸಿಕೊಂಡು ತಿಂದೆ. ಆ ಊರಿನ ಪದ್ಧತಿಯಂತೆ ಆಲೂಗಡ್ಡೆಯ ಹೋಳುಗಳನ್ನು ದನದ ಮಾಂಸ ಬೇಯಿಸಿದ ಕಟ್ಟಿನಲ್ಲಿ ನೆನೆಸುವುದುಂಟೆಂದು ಮರುದಿನ ಸ್ನೇಹಿತರೊಬ್ಬರು ಹೇಳಿದರು. ಹೋಗಿ ಕೇಳಿದರೆ ಬಡಿಸಿದಾತ, ಹೌದು, ಹಾಗೆಯೇ ಮಾಡಿದ್ದೆಂದು ಹೆಮ್ಮೆಯಿಂದಲೇ ಒಪ್ಪಿಕೊಂಡ. ಕೇಳದೆ ತಿಂದ ತಪ್ಪು ನನ್ನದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲವೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಆದ್ದರಿಂದ ಅಕ್ಷರ ನೋಡಿದ ಮೇಲೂ ಬಾಯಿಬಿಟ್ಟು ಕೇಳಬೇಕು. ‘ವೆಗಾನ್?’ ಎಂದರೆ ಸಾಕು. ಜರ್ಮನ್ ಉಚ್ಚಾರಣೆ ಹಾಗೆ. ಹೌದೆಂದರೆ ಕಟ್ಟೂ ಇಲ್ಲ, ಕೊಬ್ಬೂ ಇಲ್ಲ, ಮೊಟ್ಟೆಯೂ ಇಲ್ಲ. ‘ಓನೆ’ ಎಂದರೆ ‘ಇಲ್ಲದೆ’; ‘ಓನೆ ಬುಟರ್’ ಎಂದರೆ ಬೆಣ್ಣೆ ಬೇಡ. ‘ಶ್ಮಾಲ್ಟ್ಸ್’ ಎಂಬುದು ಸಾಮಾನ್ಯವಾಗಿ ಹಂದಿಯ ಕೊಬ್ಬು, ‘ಷ್ಪೆಕ್’ ಹಂದಿಯ ಮಾಂಸ. ಮೊಟ್ಟೆಗೆ ‘ಐ’, ಬಹುವಚನದಲ್ಲಿ ‘ಐಯರ್’! ‘ಓನೆ ಐಯರ್’ ಎಂದು ಗಟ್ಟಿಯಾಗಿ ಹೇಳುವಾಗ ಪಕ್ಕದ ಮೇಜಿನಲ್ಲಿ ಮದರಾಸಿನವರು ಯಾರಾದರೂ ಇದ್ದಾರೆಯೇ ನೋಡಿಕೊಳ್ಳುವುದು ಮೇಲು. ಈರುಳ್ಳಿ ಬೆಳ್ಳುಳ್ಳಿಗಳನ್ನು ಬಿಟ್ಟವರಿಗೆ ವೀಗನ್ ಪದವೂ ರಕ್ಷಣೆ ಕೊಡದು. ಅವನ್ನು ಬೇರೆಯಾಗಿಯೇ ಹೇಳಬೇಕು.

ಊಟವನ್ನು ಹುಡುಕಿಕೊಂಡು ಹೊರಟರೆ ನಾಷ್‌ಮಾರ್ಕ್ಟ್ ಎಂಬ ಹಳೆಯ ಪೇಟೆ ಒಳ್ಳೆಯದು. ಕಡಲೆಯನ್ನು ನೆನೆಸಿ ರುಬ್ಬಿ ಕರಿದ ಫಲಾಫೆಲ್ ಅಲ್ಲಿ ಬಿಸಿಬಿಸಿಯಾಗಿ ಸಿಕ್ಕುತ್ತದೆ. ನಮ್ಮ ವಡೆಯ ನೆಂಟನೆಂದೇ ಹೇಳಬಹುದು. ಜೊತೆಗೆ ಎಳ್ಳು ಬೆರೆಸಿ ಅರೆದ ಕಡಲೆಯ ಹುಮ್ಮುಸ್. ಮೊಸರಿನ ಸಾರು ಸುರಿಯಬೇಡಿರೆಂದು ಮೊದಲೇ ಹೇಳಬೇಕು, ಅಷ್ಟೆ. ಸ್ಟೈರಿಯಾ ಪ್ರಾಂತದ ಕುಂಬಳಬೀಜದ ಎಣ್ಣೆಯನ್ನು ಮರೆಯಬಾರದು. ಕಡುಹಸಿರು ಬಣ್ಣ, ಹುರಿದ ಬೀಜದ ಘಮ. ಬಿಸಿ ಅನ್ನಕ್ಕೆ ಹಾಕಿಕೊಂಡರೆ ತುಪ್ಪವನ್ನು ನೆನೆಯುವ ಮನಸ್ಸು ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಬೆಳಗಿನ ತಿಂಡಿಗೆ ಬ್ರೆಡ್ಡೂ ‘ಪೊವಿಡ್ಲ್’ ಎಂಬ ಪ್ಲಮ್ ಹಣ್ಣಿನ ಲೇಹ್ಯವೂ ಸಾಕು. ಕಾಫಿಗೆ ಓಟ್ಸಿನ ಹಾಲನ್ನು ಕೇಳಿ ಪಡೆಯಬಹುದು. ಆದರೆ ಅಂಗಡಿಯ ಡಬ್ಬಿಯ ಮೇಲೆ ‘ಹಾಲು’ ಎಂಬ ಮಾತನ್ನು ಹುಡುಕಬೇಡಿ. ಗಿಡದ ರಸವನ್ನು ಹಾಲೆಂದು ಮಾರಕೂಡದೆಂದು ಯೂರೋಪಿನ ನ್ಯಾಯಾಲಯ ೨೦೧೭ರಲ್ಲಿ ತೀರ್ಪು ಕೊಟ್ಟಿದೆ. ‘ಹಾಫರ್ ಡ್ರಿಂಕ್’ ಎಂದಿರುವುದೇ ಅದು.

ಭಾನುವಾರ ಆ ಊರಿನ ದಿನಸಿ ಅಂಗಡಿಗಳು ಮುಚ್ಚಿರುತ್ತವೆ. ದೊಡ್ಡ ರೈಲ್ವೆ ನಿಲ್ದಾಣಗಳಲ್ಲಿ ಮಾತ್ರ ಕೆಲವು ತೆರೆದಿರುವುದುಂಟು. ಶನಿವಾರ ಸಂಜೆಯೊಳಗೆ ಸಾಮಾನು ತಂದಿಡುವುದು ಜಾಣತನ.

ಇನ್ನು ಪೆಟ್ಟಿಗೆಯ ಮಾತು. ಮಾವಳ್ಳಿ ಟಿಫಿನ್ ರೂಮ್ಸಿನ ಯಜ್ಞನಾರಾಯಣ ಮಯ್ಯರು ೧೯೫೧ರಲ್ಲಿ ಯೂರೋಪನ್ನು ಸುತ್ತಿ, ಅಲ್ಲಿನ ಹೋಟೆಲುಗಳ ಶುಚಿತ್ವವನ್ನು ಕಂಡುಬಂದು ತಮ್ಮಲ್ಲಿ ಅಳವಡಿಸಿದರು. ಆ ಹೆಸರಿನ ಪೊಟ್ಟಣಗಳು ಈಗ ನಮ್ಮವರ ಪೆಟ್ಟಿಗೆಯಲ್ಲಿ ಅದೇ ಯೂರೋಪಿಗೆ ಹೊರಟಿವೆ. ಸಂತೋಷವೇ; ಆದರೆ ತುಪ್ಪದ ಡಬ್ಬಿಯನ್ನು ಮಾತ್ರ ಇಡಬೇಡಿ. ನಮ್ಮಂಥ ಹೊರದೇಶಗಳಿಂದ ಹೋಗುವ ಪ್ರಯಾಣಿಕರು ಹಾಲಿನ ಪದಾರ್ಥ ಒಯ್ಯುವುದಕ್ಕೆ ಒಕ್ಕೂಟದಲ್ಲಿ ನಿಷೇಧವಿದೆ. ಕರಿಬೇವು, ನಿಂಬೆ, ಮಾವಿನಹಣ್ಣುಗಳಿಗೂ ಅಲ್ಲಿ ಸರ್ಕಾರದ ಪ್ರಮಾಣಪತ್ರ ಕೇಳುತ್ತಾರೆ. ತೆಂಗಿನಕಾಯಿ, ಬಾಳೆಹಣ್ಣುಗಳಿಗೆ ವಿನಾಯಿತಿಯುಂಟು. ಅವಲಕ್ಕಿ, ಹುಳಿಪುಡಿ, ಚಟ್ನಿಪುಡಿ, ಎಣ್ಣೆಯ ಗೊಜ್ಜು ಇವು ನಿರಾತಂಕವಾಗಿ ದಾಟುತ್ತವೆ. ಮೊಮ್ಮಗಳ ಪೆಟ್ಟಿಗೆಯನ್ನು ಯಾರೂ ತಡೆಯುವುದಿಲ್ಲ ಎಂದಾಯಿತು! ವಿಮಾನದ ಊಟಕ್ಕೂ ಕನಿಷ್ಠ ಒಂದು ದಿನ ಮುಂಚೆ ಹೇಳಿಡಬೇಕು: ‘ವಿಜಿಎಂಎಲ್’ ಎಂದರೆ ವೀಗನ್ ಊಟ, ‘ಎವಿಎಂಎಲ್’ ಎಂದರೆ ಹಾಲು ಮೊಸರು ಇರಬಹುದಾದ ಭಾರತೀಯ ರೀತಿಯ ಊಟ.

ಅಜ್ಜಿಯ ಮೊಸರು? ಅದನ್ನು ಅಂಗಡಿಯಲ್ಲಿ ಬೇರೆಯಾಗಿ ಕೊಂಡುಕೊಳ್ಳಬಹುದು. ಹಣ್ಣು ಸಕ್ಕರೆ ಸೇರಿದ ಬಗೆಗಳಲ್ಲಿ ಪ್ರಾಣಿಯ ಎಲುಬು ತೊಗಲಿನಿಂದ ತೆಗೆದ ಜೆಲಟಿನ್ ಇರುವುದುಂಟು. ‘ನಾಟೂರ್ ಯೋಗರ್ಟ್’ ಎಂದು ಬರೆದ ಸಪ್ಪೆ ಮೊಸರನ್ನು, ಡಬ್ಬಿಯ ಮೇಲಿನ ಪಟ್ಟಿಯನ್ನು ಒಮ್ಮೆ ಓದಿಸಿ, ತರಿಸಿಕೊಟ್ಟರೆ ಅನ್ನಕ್ಕೆ ಕಲಸಿಕೊಳ್ಳಲು ಅಡ್ಡಿಯಿಲ್ಲ.